ಕರ್ನಾಟಕದಲ್ಲಿ ನಿವೇಶನ ಕೊಳ್ಳುವ ಮುನ್ನ ದಾಖಲೆಗಳನ್ನು ಓದುವ ಕ್ರಮ

ನಿವೇಶನ ನೋಡಲು ಹೋದ ದಿನವೇ ಟೋಕನ್ ಕೊಟ್ಟು ಬರುವುದು ನಮ್ಮಲ್ಲಿ ಬಹಳ ಮಂದಿಯ ರೂಢಿ. ಕಲ್ಲು ನೆಟ್ಟು ಗುರುತು ಮಾಡಿದ ಲೇಔಟಿನಲ್ಲಿ ನಿಂತಾಗ, ಪಕ್ಕದ ಸೈಟು ನಿನ್ನೆಯಷ್ಟೇ ಹೋಯಿತೆಂದು ಏಜೆಂಟರು ಹೇಳಿದಾಗ, ಮನಸ್ಸು ಆಗಲೇ ಅಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮುಗಿಸಿರುತ್ತದೆ. ಐವತ್ತು ಸಾವಿರವೋ ಒಂದು ಲಕ್ಷವೋ ಕೈಬಿಟ್ಟ ಮೇಲೆ ಕಾಗದ ಓದುವ ಕಣ್ಣೇ ಬೇರೆಯಾಗುತ್ತದೆ. ದೋಷ ಹುಡುಕಬೇಕಾದವರು ಕೊಟ್ಟ ಹಣಕ್ಕೆ ಸಮಾಧಾನ ಹೇಳುವ ಸಾಲುಗಳನ್ನೇ ಹುಡುಕತೊಡಗುತ್ತಾರೆ. ಆದ್ದರಿಂದ ದಾಖಲೆಗಳ ಜೆರಾಕ್ಸ್ ಪ್ರತಿ ಕೈಗೆ ಬಂದು, ಅವುಗಳನ್ನು ನೀವೂ ನಿಮ್ಮ ವಕೀಲರೂ ಓದಿ ಮುಗಿಸುವವರೆಗೆ ಒಂದು ರೂಪಾಯಿಯನ್ನೂ ಕೊಡಬಾರದು. ಪ್ರತಿ ಕೊಡುವುದಕ್ಕೇ ಮುಂಗಡ ಕೇಳುವವರ ಆಸ್ತಿಯನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು.

ಆಸ್ತಿಯ ಕಾಗದಗಳಲ್ಲಿ ಎರಡು ಬಗೆಯಿವೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ ಪತ್ರ ಮುಂತಾದವು ಒಬ್ಬರ ಹಕ್ಕನ್ನು ಇನ್ನೊಬ್ಬರಿಗೆ ದಾಟಿಸುತ್ತವೆ. ಪಹಣಿ, ಖಾತಾ, ಕಂದಾಯ ರಶೀದಿ ಮುಂತಾದವು ಹಕ್ಕು ಯಾರಲ್ಲಿದೆಯೆಂದು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ತನ್ನ ಲೆಕ್ಕಕ್ಕಾಗಿ ಬರೆದಿಟ್ಟುಕೊಂಡಿರುವವು. ಈ ಎರಡನೆಯ ಬಗೆಯ ಕಾಗದ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಮೊದಲನೆಯದರ ಸ್ಥಾನವನ್ನು ತುಂಬಲಾರದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಜನರಲ್ ಪವರ್ ಆಫ್ ಅಟಾರ್ನಿ, ಒಂದು ಅಗ್ರಿಮೆಂಟು, ಒಂದು ಉಯಿಲು, ಈ ಮೂರನ್ನು ಒಟ್ಟಿಗೆ ಬರೆಸಿಕೊಟ್ಟು ಮಾರಾಟವಾಯಿತೆನ್ನುವ ಪದ್ಧತಿಯಿಂದ ಹಕ್ಕು ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಹೀಗಿದ್ದರೂ ನಗರಗಳ ಅಂಚಿನ ರೆವಿನ್ಯೂ ಸೈಟುಗಳು, ಅಂದರೆ ಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಕತ್ತರಿಸಿದ ಸೈಟುಗಳು, ಇಂದಿಗೂ ಜನರಲ್ ಪವರ್ ಆಫ್ ಅಟಾರ್ನಿಯ (ಜಿಪಿಎ) ಮೇಲೆ ಕೈಬದಲಾಗುತ್ತಿರುವುದನ್ನು ಕಾಣುತ್ತೇವೆ.

ಮೂಲಪತ್ರದಿಂದ ಇಂದಿನ ಪತ್ರದವರೆಗೆ

ಮೊದಲು ಒಂದು ಬಿಳಿ ಹಾಳೆ ತೆಗೆದುಕೊಂಡು, ಈ ಭೂಮಿ ಮೊದಲು ಯಾರದ್ದಾಗಿತ್ತು, ಅವರಿಂದ ಯಾರಿಗೆ, ಯಾವ ವರ್ಷ, ಯಾವ ಪತ್ರದ ಮೂಲಕ, ಯಾವ ನೋಂದಣಿ ಸಂಖ್ಯೆಯಲ್ಲಿ ಹೋಯಿತು ಎಂಬುದನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತಾ ಬನ್ನಿ. ಕೊನೆಯ ಹೆಸರು ಇಂದು ನಿಮಗೆ ಮಾರಲು ಬಂದವರದ್ದೇ ಆಗಿರಬೇಕು, ನಡುವೆ ಒಂದು ಕೊಂಡಿಯೂ ತಪ್ಪಿರಬಾರದು. ವಕೀಲರು ಸಾಮಾನ್ಯವಾಗಿ ಮೂವತ್ತು ವರ್ಷಗಳ ದಾಖಲೆ ಕೇಳುವುದಕ್ಕೆ ಕಾರಣವಿದೆ. ಅಡಮಾನ ಬಿಡಿಸಿಕೊಳ್ಳುವ ದಾವೆಗೂ ಸರ್ಕಾರ ಹೂಡಬಹುದಾದ ದಾವೆಗೂ ಕಾಲಮಿತಿ ಕಾಯ್ದೆಯಲ್ಲಿ ಮೂವತ್ತು ವರ್ಷಗಳ ಅವಕಾಶವಿರುವುದರಿಂದ, ಅಷ್ಟು ಹಿಂದಕ್ಕೆ ಹೋಗದೆ ನಿಶ್ಚಿಂತೆಯೆನ್ನಲು ಬರುವುದಿಲ್ಲ. ಮಂಜೂರಾದ ಜಮೀನಾದರೆ ಮೂವತ್ತು ವರ್ಷವೂ ಸಾಲದು, ಮಂಜೂರಾತಿಯ ದಿನದವರೆಗೂ ಹೋಗಬೇಕು.

ಈ ಸರಪಳಿಯಲ್ಲಿ ಅತಿ ಹೆಚ್ಚು ಬಿರುಕು ಕಾಣುವುದು ಕುಟುಂಬದ ಆಸ್ತಿ ಪಾಲಾದ ಜಾಗದಲ್ಲಿ. ನಮ್ಮ ಸೋದರತ್ತೆಯವರ ಮನೆಯವರು ಕೊಂಡ ನಿವೇಶನದ ವಿಭಾಗಪತ್ರದಲ್ಲಿ ಮೂವರು ಅಣ್ಣತಮ್ಮಂದಿರ ಸಹಿಯಿತ್ತು, ಖಾತಾ ಇತ್ತು, ಕಂದಾಯವೂ ಕಟ್ಟಿತ್ತು. ಮನೆಯ ಅಡಿಪಾಯ ಹಾಕಿದ ವರ್ಷ ನ್ಯಾಯಾಲಯದ ನೋಟಿಸು ಬಂದಾಗ, ಆ ಅಣ್ಣತಮ್ಮಂದಿರಿಗೆ ಇಬ್ಬರು ಅಕ್ಕಂದಿರಿದ್ದರೆಂಬುದೂ ಅವರ ಹೆಸರನ್ನು ವಂಶವೃಕ್ಷದಲ್ಲಿಯೇ ಬಿಡಲಾಗಿತ್ತೆಂಬುದೂ ತಿಳಿಯಿತು. ಕೊನೆಗೆ ಆ ಹೆಣ್ಣುಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲಿನ ಹಣವನ್ನು ಅತ್ತೆಯವರ ಮನೆಯವರೇ ಕೈಯಿಂದ ಕೊಟ್ಟು ರಾಜಿ ಮಾಡಿಕೊಂಡರು. ಅಷ್ಟರಲ್ಲಿ ಅಡಿಪಾಯದ ಕಬ್ಬಿಣ ತುಕ್ಕು ಹಿಡಿದಿತ್ತು.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ತಂದೆ ಆ ದಿನ ಬದುಕಿರಬೇಕೆಂಬ ನಿಯಮವಿಲ್ಲ, ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ಆದ ನೋಂದಾಯಿತ ವಿಭಾಗಗಳನ್ನು ಆ ಕಾಯ್ದೆ ಕದಲಿಸುವುದಿಲ್ಲ. ಆದ್ದರಿಂದ ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷವನ್ನು ಕೇಳಿ ಪಡೆಯುವುದಷ್ಟೇ ಸಾಲದು. ಊರಿಗೆ ಹೋಗಿ ನೆರೆಹೊರೆಯವರನ್ನು, ಹಳೆಯ ಬಲ್ಲವರನ್ನು ಮಾತನಾಡಿಸಿ, ಆ ಮನೆಯಲ್ಲಿ ಮಕ್ಕಳೆಷ್ಟು, ಮದುವೆಯಾಗಿ ಹೋದವರೆಷ್ಟು, ತೀರಿಕೊಂಡವರ ಮಕ್ಕಳು ಯಾರು ಎಂದು ವಿಚಾರಿಸಿಕೊಳ್ಳಬೇಕು. ಹೆಣ್ಣುಮಕ್ಕಳೆಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟಿರಬೇಕು. ಪಾಲುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಪ್ರಾಪ್ತರ ಸ್ವಂತ ಆಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಪೋಷಕರು ಮಾರಿದ್ದರೆ, ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷಗಳೊಳಗೆ ಆ ಮಾರಾಟವನ್ನು ಪ್ರಶ್ನಿಸಬಹುದು.

ಪ್ರತಿಯೊಂದು ಪತ್ರದ ಕೊನೆಯಲ್ಲಿ ಬರುವ ಷೆಡ್ಯೂಲನ್ನು ಹೆಚ್ಚಿನವರು ಓದುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಪತ್ರದಲ್ಲಿ ಎರಡು ಬಾರಿ ಓದಬೇಕಾದ ಭಾಗವೇ ಅದು. ಸರ್ವೆ ನಂಬರು, ವಿಸ್ತೀರ್ಣ, ಪೂರ್ವ ಪಶ್ಚಿಮ ಉತ್ತರ ದಕ್ಷಿಣದ ಚಕ್ಕುಬಂದಿ ಅಲ್ಲಿರುತ್ತದೆ. ಒಂದರ ಪಕ್ಕ ಒಂದರಂತೆ ಎಲ್ಲ ಪತ್ರಗಳ ಷೆಡ್ಯೂಲನ್ನೂ ತೆರೆದಿಟ್ಟು ಹೋಲಿಸಿ ನೋಡಿ. ಹಳೆಯ ಪತ್ರದಲ್ಲಿ ಪೂರ್ವಕ್ಕೆ ಹಳ್ಳ ಎಂದಿದ್ದು, ಮುಂದಿನದರಲ್ಲಿ ಪೂರ್ವಕ್ಕೆ ಖಾಲಿ ಜಾಗ ಎಂದಾಗಿ, ಈಗಿನದರಲ್ಲಿ ಪೂರ್ವಕ್ಕೆ 30 ಅಡಿ ರಸ್ತೆ ಎಂದಿದ್ದರೆ, ಆ ರಸ್ತೆ ಇರುವುದು ಹಳ್ಳದ ಮೇಲೆಯೇ ಎಂಬ ಪ್ರಶ್ನೆ ಏಳಬೇಕು. ಅದೇ ರೀತಿ ಒಂದು ಎಕರೆ ಇಪ್ಪತ್ತು ಗುಂಟೆ ಕೊಂಡವರು ಒಂದು ಎಕರೆ ಮೂವತ್ತು ಗುಂಟೆ ಮಾರಿದ್ದರೆ ಆ ಹತ್ತು ಗುಂಟೆ ಎಲ್ಲಿಂದ ಬಂತೆಂದು ಕೇಳಬೇಕು.

ಸರಪಳಿಯನ್ನು ತಾಳೆ ನೋಡಲು ಆಸ್ತಿಯ ಮೇಲಿನ ನೋಂದಾಯಿತ ವಹಿವಾಟುಗಳ ಪಟ್ಟಿಯಾದ ಋಣಭಾರ ಪ್ರಮಾಣಪತ್ರ, ಎಲ್ಲರೂ ಕರೆಯುವಂತೆ ಇಸಿ, ಬೇಕು. 2004ರ ಏಪ್ರಿಲ್ 1ರಿಂದ ಈಚಿನದನ್ನು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯ ಮೂಲಕ ಪಡೆಯಬಹುದು. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಹಾಕಿ ಕೈಬರಹದ ಸೂಚಿಯಿಂದ ತೆಗೆಸಬೇಕು. ವಹಿವಾಟುಗಳಿದ್ದರೆ ನಮೂನೆ 15ರಲ್ಲಿಯೂ ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಅದು ಬರುತ್ತದೆ. ಮಾರುವವರು ತಂದುಕೊಟ್ಟ ಇಸಿಯನ್ನು ಪಕ್ಕಕ್ಕಿಟ್ಟು ನೀವೇ ಹೊಸದಾಗಿ ತೆಗೆಸಿ, ಅದನ್ನು ಸರ್ವೆ ನಂಬರಿನ ಮೇಲೂ ನಿವೇಶನದ ಸಂಖ್ಯೆಯ ಮೇಲೂ ಪ್ರತ್ಯೇಕವಾಗಿ ತೆಗೆಸಿ, ಏಕೆಂದರೆ ಅರ್ಜಿಯಲ್ಲಿ ಕೊಟ್ಟ ವಿವರಕ್ಕೆ ಹೊಂದುವ ನೋಂದಣಿಗಳು ಮಾತ್ರ ಅದರಲ್ಲಿ ಕಾಣುತ್ತವೆ. ಇಸಿಯಲ್ಲಿ ಕಾಣದ ಸಂಗತಿಗಳೂ ಇವೆ. ನೋಂದಣಿಯಾಗದ ಅಗ್ರಿಮೆಂಟು, ನೋಂದಣಿಯಾಗದ ಉಯಿಲು, ಬಾಕಿಯಿರುವ ದಾವೆ, ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಇವು ಅದರಲ್ಲಿ ಬಾರದೇ ಇರಬಹುದು. ಆ ಕಾರಣಕ್ಕೆ ಮೂಲ ಪತ್ರಗಳನ್ನು, ಅಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೊಹರಿರುವ ಅಸಲು ಪ್ರತಿಗಳನ್ನು, ಕಣ್ಣಾರೆ ನೋಡಲೇಬೇಕು. ಅಸಲು ಕಳೆದುಹೋಗಿದೆ, ದೃಢೀಕೃತ ನಕಲಿದೆ ಎಂದರೆ ಪೊಲೀಸ್ ದೂರಿನ ಪ್ರತಿಯನ್ನು ಕೇಳಿ, ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ಅಡಮಾನಗಳ ಕೇಂದ್ರೀಯ ನೋಂದಣಿಯಾದ ಸರ್ಸಾಯ್‌ನಲ್ಲಿ ಆ ಆಸ್ತಿಯ ಮೇಲೆ ಸಾಲವಿದೆಯೇ ಎಂದು ಹುಡುಕಿಸಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರಾಟಗಾರರ ಮತ್ತು ಅವರ ಹಿಂದಿನ ಮಾಲೀಕರ ಹೆಸರು ಹಾಕಿ ದಾವೆಗಳನ್ನು ಹುಡುಕುವುದಕ್ಕೆ ಅರ್ಧ ಗಂಟೆ ಸಾಕು. ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗಬೇಕಾಗುತ್ತದೆ, ದಾವೆ ಇತ್ತೆಂದು ಗೊತ್ತಿರಲಿಲ್ಲವೆಂಬ ಮಾತು ಅಲ್ಲಿ ನಡೆಯುವುದಿಲ್ಲ.

ಲೇಔಟಿನ ಕೆಳಗಿರುವ ಹೊಲ

ಇಂದು ಸೈಟು ನಂಬರು 14 ಎಂದು ಕರೆಯಲಾಗುವ ಜಾಗ ಕೆಲವು ವರ್ಷಗಳ ಹಿಂದೆ ಯಾರದ್ದೋ ರಾಗಿ ಹೊಲವಾಗಿತ್ತು. ಆ ಹೊಲದ ಚರಿತ್ರೆ ಪಹಣಿಯಲ್ಲಿದೆ. ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿ ಸಿಗುವ ಪಹಣಿಯಲ್ಲಿ ವಿಸ್ತೀರ್ಣದ ಕಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ ಎ ಖರಾಬು, ಬಿ ಖರಾಬು ಎಂದು ಬೇರೆಬೇರೆಯಾಗಿ ಬರೆದಿರುತ್ತದೆ. ಎ ಖರಾಬು ಎಂದರೆ ಸಾಗುವಳಿಗೆ ಬಾರದ, ಆದರೆ ಹಿಡುವಳಿದಾರರಿಗೆ ಸೇರಿದ ಭಾಗ. ಬಿ ಖರಾಬು ದಾರಿ, ಹಳ್ಳ, ಕಾಲುವೆ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಸರ್ಕಾರದ ಜಾಗ. ಅದನ್ನು ಸೇರಿಸಿಕೊಂಡು ಸೈಟು ಕತ್ತರಿಸಿದ ಲೇಔಟುಗಳಲ್ಲಿ ತೆರವು ನೋಟಿಸು ಬರುವುದು ಮಾರಿದವರಿಗಲ್ಲ, ಮನೆ ಕಟ್ಟಿದವರಿಗೆ. ಒಂಬತ್ತನೆಯ ಕಲಂನಲ್ಲಿ ಸ್ವಾಧೀನದಾರರ ಹೆಸರು, ಹತ್ತನೆಯದರಲ್ಲಿ ಅದು ಅವರಿಗೆ ಬಂದ ಬಗೆ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ಸಂಖ್ಯೆ, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣಗಳು ಇರುತ್ತವೆ. ಸೊಸೈಟಿಯ ಬೆಳೆಸಾಲ, ಭೂಸ್ವಾಧೀನದ ಷರಾ, ನ್ಯಾಯಾಲಯದ ತಡೆಯಾಜ್ಞೆ ಇವೆಲ್ಲ ಸಾಮಾನ್ಯವಾಗಿ ಹನ್ನೊಂದನೆಯ ಕಲಂನಲ್ಲಿ ಸಿಗುತ್ತವೆ. ಹತ್ತನೆಯದರಲ್ಲಿರುವ ಮ್ಯುಟೇಶನ್ ಸಂಖ್ಯೆಯನ್ನು ಹಿಡಿದು ಆ ಮ್ಯುಟೇಶನ್ ಪ್ರತಿಯನ್ನೂ ತೆಗೆಸಿ, ನಿಮ್ಮ ಹಾಳೆಯ ಸರಪಳಿಯ ಜೊತೆ ತಾಳೆ ಮಾಡಿ.

ಹತ್ತನೆಯ ಕಲಂನಲ್ಲಾಗಲಿ ಹಳೆಯ ಮ್ಯುಟೇಶನ್‌ಗಳಲ್ಲಾಗಲಿ ಮಂಜೂರು, ದರಖಾಸ್ತು, ಸಾಗುವಳಿ ಚೀಟಿ ಎಂಬ ಪದ ಕಂಡರೆ ಅಲ್ಲಿಯೇ ನಿಲ್ಲಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಥವಾ ಮಂಜೂರಾತಿಯ ಷರತ್ತು ಮುರಿದು ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟ ಅಸಿಂಧು. ಅದನ್ನು ಕೊಂಡವರಿಂದ ಬಿಡಿಸಿ ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸುವ ಅಧಿಕಾರ ಸಹಾಯಕ ಆಯುಕ್ತರಿಗಿದೆ. ಅಂಥ ಅರ್ಜಿಗೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುವುದರಿಂದ, ಹತ್ತಾರು ವರ್ಷ ಹಿಂದಿನ ಮಾರಾಟವೆಂಬುದನ್ನೇ ರಕ್ಷಣೆಯೆಂದು ನಂಬಿ ಕೂರಲಾಗದು. ಭೂಮಿ ಕಳೆದುಕೊಂಡ ಬಡವರ ಪಾಲಿಗೆ ಆ ಕಾಯ್ದೆ ದೊಡ್ಡ ಆಸರೆ. ಅದನ್ನು ಹೇಗಾದರೂ ದಾಟಿಸಿಕೊಡುತ್ತೇವೆಂದು ಹೇಳುವ ಮಧ್ಯವರ್ತಿಗಳ ಮಾತಿಗೆ ಮರುಳಾದರೆ ನಷ್ಟದ ಜೊತೆಗೆ ಅನ್ಯಾಯದಲ್ಲಿಯೂ ಪಾಲು ಪಡೆದಂತಾಗುತ್ತದೆ. ಹಾಗೆಯೇ, 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆದು, ನಮೂನೆ 10ನ್ನು ಪಡೆದ ಜಮೀನುಗಳು ಬಹಳಷ್ಟಿವೆ. ಅವುಗಳನ್ನು ಇಂತಿಷ್ಟು ವರ್ಷ ಮಾರಬಾರದೆಂಬ ನಿರ್ಬಂಧ ಪಾಲನೆಯಾಗಿದೆಯೇ ಎಂದು ನೋಡಬೇಕು. ಈ ಎರಡೂ ವಿಷಯಗಳಲ್ಲಿ ತಾಲ್ಲೂಕು ಕಚೇರಿಯಿಂದಲೂ ಸಹಾಯಕ ಆಯುಕ್ತರ ಕಚೇರಿಯಿಂದಲೂ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಪಡೆಯಲು ಮಾರಾಟಗಾರರನ್ನು ಕೇಳುವುದು ವಾಡಿಕೆಯಲ್ಲಿದೆ. ಕೇಳಲು ಸಂಕೋಚಪಡಬೇಡಿ.

ಸರ್ವೆ ನಂಬರಿನ ಒಂದು ಭಾಗವಷ್ಟೇ ಮಾರಾಟವಾಗಿದ್ದರೆ ಪೋಡಿ (ಅಳತೆ ಮಾಡಿ ಪಾಲುಗಳನ್ನು ಬೇರ್ಪಡಿಸುವುದು) ಆಗಿದೆಯೇ, ಮಾರುವ ಭಾಗವನ್ನು ಗುರುತಿಸುವ 11ಇ ನಕ್ಷೆ ಇದೆಯೇ ನೋಡಿ. ಐದಾರು ಹೆಸರುಗಳು ಒಂದೇ ಪಹಣಿಯಲ್ಲಿದ್ದು ಪೋಡಿಯಾಗದೇ ಉಳಿದಿದ್ದರೆ, ಯಾರ ಪಾಲು ಎಲ್ಲಿ ಎಂಬುದು ಕಾಗದದಲ್ಲಿ ತೀರ್ಮಾನವಾಗಿಲ್ಲ ಎಂದೇ ಅರ್ಥ. ಕೊನೆಗೆ ಗ್ರಾಮನಕ್ಷೆಯನ್ನು ತೆಗೆಸಿ, ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು, ಸೈಟಿನ ಮೇಲೆಯೇ ನಿಂತು ಸರ್ವೆ ನಂಬರನ್ನು ಪರೀಕ್ಷಿಸಿ. ಪತ್ರದಲ್ಲಿರುವ ನಂಬರು ಒಂದು, ನಿಂತಿರುವ ನೆಲದ ನಂಬರು ಇನ್ನೊಂದು ಆಗಿರುವುದುಂಟು. ಆ್ಯಪ್ ತೋರಿಸುವ ಗಡಿಯಲ್ಲಿ ಕೆಲವು ಅಡಿಗಳ ವ್ಯತ್ಯಾಸ ಇರಬಹುದಾದ್ದರಿಂದ ಅಳತೆಗೆ ಅದನ್ನು ನಂಬದೆ, ಪಕ್ಕದಲ್ಲಿ ರಾಜಕಾಲುವೆ, ಕೆರೆ, ಗೋಮಾಳ ಇದೆಯೇ ಎಂದು ತಿಳಿಯಲು ಮಾತ್ರ ಬಳಸಿ, ಗಡಿಯ ಅಳತೆಯನ್ನು ಸರ್ವೇಯರಿಂದ ಮಾಡಿಸಿ.

ಪರಿವರ್ತನೆ, ನಕ್ಷೆ, ಖಾತಾ

ಕೃಷಿ ಜಮೀನು ನಿವೇಶನವಾಗಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆಯಾಗಬೇಕು. ಆಮೇಲೆ ಆ ಪ್ರದೇಶದ ಯೋಜನಾ ಪ್ರಾಧಿಕಾರದಿಂದ ಬಡಾವಣೆಯ ನಕ್ಷೆಗೆ ಅನುಮೋದನೆ ಸಿಗಬೇಕು. ಡಿಸಿ ಕನ್ವರ್ಷನ್ (ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶ) ಆಗಿದೆ ಎಂಬ ಒಂದೇ ಮಾತನ್ನು ಎರಡೂ ಆದಂತೆ ಹೇಳುವುದು ಮಾರಾಟದ ಹಳೆಯ ಜಾಡು. ಪರಿವರ್ತನೆಯ ಆದೇಶ ಬಂದರೆ ಭೂಮಿಯ ಉಪಯೋಗ ಬದಲಾಗುತ್ತದೆಯೇ ಹೊರತು, ಅಲ್ಲಿ ರಸ್ತೆ ಎಷ್ಟು ಅಗಲವಿರಬೇಕು, ಉದ್ಯಾನ ಎಲ್ಲಿರಬೇಕು ಎಂಬುದು ನಿರ್ಧಾರವಾಗುವುದಿಲ್ಲ.

ನಕ್ಷೆಯಿಲ್ಲದ ಲೇಔಟನ್ನು ಗುರುತಿಸಲು ಒಂದು ಸರಳ ಲೆಕ್ಕ ಸಾಕು. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ, ಹಾಗಾಗಿ ಒಂದು ಎಕರೆಯೆಂದರೆ 43,560 ಚದರ ಅಡಿ. 30 ಅಡಿ ಅಗಲ 40 ಅಡಿ ಉದ್ದದ ಸೈಟು 1,200 ಚದರ ಅಡಿಯಾದ್ದರಿಂದ, ಒಂದಡಿ ರಸ್ತೆಯನ್ನೂ ಬಿಡದೆ ಕತ್ತರಿಸಿದರೂ ಒಂದು ಎಕರೆಯಲ್ಲಿ 36 ಸೈಟಿಗಿಂತ ಹೆಚ್ಚು ಬರುವುದಿಲ್ಲ. ಹೀಗಿರುವಾಗ ಎಕರೆಗೆ 30 ಸೈಟು ಮಾಡಿದ್ದೇವೆ ಎಂದು ಹೇಳುವವರ ಲೇಔಟಿನಲ್ಲಿ ಉದ್ಯಾನ, ಚರಂಡಿ, ನಾಗರಿಕ ಸೌಲಭ್ಯದ ಜಾಗ ಎಲ್ಲಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅನುಮೋದಿತ ಬಡಾವಣೆಯಲ್ಲಿ ರಸ್ತೆ ಮತ್ತು ಉದ್ಯಾನಗಳನ್ನು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಟ್ಟ ನೋಂದಾಯಿತ ಪತ್ರವೂ ಸೈಟುಗಳ ಬಿಡುಗಡೆಯ ಆದೇಶವೂ ಇರುತ್ತವೆ. ನಿಮ್ಮ ಸೈಟಿನ ಸಂಖ್ಯೆ ಬಿಡುಗಡೆಯಾದ ಪಟ್ಟಿಯಲ್ಲಿದೆಯೇ ಎಂದು ಬೆರಳಿಟ್ಟು ನೋಡಿಕೊಳ್ಳಿ.

ಖಾತಾದ ವಿಷಯದಲ್ಲಿ ಗೊಂದಲ ಬಹಳ. ಖಾತಾ ಎಂಬುದು ಆಸ್ತಿ ತೆರಿಗೆಗೆ ಯಾರು ಹೊಣೆ ಎಂದು ಹೇಳುವ ಲೆಕ್ಕವೇ ಹೊರತು ಮಾಲೀಕತ್ವವನ್ನು ಕೊಡುವ ಪತ್ರವಲ್ಲ. ಬೆಂಗಳೂರಿನಲ್ಲಿ ಎ ಖಾತಾ, ಬಿ ಖಾತಾ ಎಂಬ ಭೇದವಿದೆ. ಪರಿವರ್ತನೆಯೋ ನಕ್ಷೆಯೋ ಇಲ್ಲದ ಆಸ್ತಿಗಳಿಂದಲೂ ತೆರಿಗೆ ವಸೂಲಿ ಮಾಡುವುದಕ್ಕಾಗಿ ಹುಟ್ಟಿದ್ದು ಬಿ ವಹಿ. ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ಬರುವ ನಮೂನೆ 9 ಮತ್ತು 11ಎ ಕ್ರಮಬದ್ಧ ಆಸ್ತಿಗೆ, 11ಬಿ ಅಲ್ಲದ್ದಕ್ಕೆ. 2024ರ ಅಕ್ಟೋಬರಿನಿಂದ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇ-ಖಾತಾ (ಖಾತಾದ ಡಿಜಿಟಲ್ ರೂಪ) ಕಡ್ಡಾಯವಾಗಿದೆ, 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ನಗರ ಪಾಲಿಕೆಗಳೂ ಬಂದಿವೆ. ಇ-ಖಾತಾ ಇದೆ ಎಂದಾಕ್ಷಣ ಅದು ಎ ಖಾತಾ ಎಂದು ಭಾವಿಸಬಾರದು. ಬಿ ಖಾತಾಗೂ ಇ-ಖಾತಾ ಸಿಗುತ್ತದೆ. ಮುಂದೆ ಎ ಆಗುತ್ತದೆ, ನಿಯಮ ಮೀರಿದ ಆಸ್ತಿಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಅಕ್ರಮ ಸಕ್ರಮ ಬರುತ್ತದೆ ಎಂಬ ಭರವಸೆಯ ಮೇಲೆ ಬಿ ಖಾತಾಗೆ ಎ ಖಾತಾದ ಬೆಲೆಯನ್ನು ಕೊಡಬೇಡಿ. ಅಕ್ರಮ ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದಾಗ, ಅದನ್ನೇ ನಂಬಿ ಕೊಂಡವರು ಬ್ಯಾಂಕ್ ಸಾಲವೂ ಸಿಗದೆ, ಮಾರಲೂ ಆಗದೆ ಉಳಿದರು. ಬಿ ಖಾತಾ ಎ ಆಗುವುದಕ್ಕೆ ತಗಲುವ ಶುಲ್ಕ, ಕಾಯಬೇಕಾದ ಕಾಲ, ಆಗದೇ ಹೋಗುವ ಸಂಭವ ಇವೆಲ್ಲವನ್ನೂ ಬೆಲೆಯಲ್ಲಿ ಇಳಿಸಿಕೊಳ್ಳಬೇಕು.

ಫ್ಲ್ಯಾಟಾದರೆ

ಫ್ಲ್ಯಾಟು ಕೊಳ್ಳುವವರಿಗೂ ಕೆಳಗಿನ ಭೂಮಿಯ ಪರಿಶೀಲನೆ ಇಷ್ಟೇ ಮುಖ್ಯ, ಏಕೆಂದರೆ ಅವರಿಗೆ ಉಳಿಯುವ ಗಟ್ಟಿ ಸ್ವತ್ತು ಆ ಭೂಮಿಯಲ್ಲಿನ ಅವಿಭಜಿತ ಪಾಲು. ಅದರ ಜೊತೆಗೆ 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ, ರಕ್ಷಣೆ ಸಿಗುತ್ತದೆ. 500 ಚದರ ಮೀಟರು ಮೀರಿದ ಭೂಮಿಯಲ್ಲಿನ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ, ಲೇಔಟು ಸಹ, ನೋಂದಣಿಯಾಗದೆ ಮಾರಾಟಕ್ಕೆ ಬರುವಂತಿಲ್ಲ. 500 ಚದರ ಮೀಟರೆಂದರೆ ಐದು ಗುಂಟೆಗೂ ಒಂದಿಷ್ಟು ಕಡಿಮೆಯೆಂಬುದನ್ನು ನೆನಪಿಟ್ಟರೆ, ಊರಂಚಿನ ಬಹುತೇಕ ಲೇಔಟುಗಳು ಈ ನಿಯಮದೊಳಗೆ ಬರುತ್ತವೆ ಎಂಬುದು ತಿಳಿಯುತ್ತದೆ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ, ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಡಬೇಕು, ಹಸ್ತಾಂತರದ ನಂತರ ಐದು ವರ್ಷ ಕಟ್ಟಡದ ರಚನೆಯ ದೋಷಗಳನ್ನು ಬಿಲ್ಡರೇ ಸರಿಪಡಿಸಿಕೊಡಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಅನುಮೋದಿತ ನಕ್ಷೆ, ಮುಗಿಸಬೇಕಾದ ದಿನಾಂಕ, ದೂರುಗಳು ಸಿಗುತ್ತವೆ. ದರವನ್ನು ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗವನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ ಹೇಳಿದರೂ, ಒಟ್ಟು ಬೆಲೆಯನ್ನು ನೀವು ಕಾರ್ಪೆಟ್ ಏರಿಯಾದಿಂದ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಯಿಂದ, ಭಾಗಿಸಿ ನೋಡಿ. ಜಮೀನಿನ ಮಾಲೀಕರು ಮತ್ತು ಬಿಲ್ಡರ್ ನಡುವೆ ಜಂಟಿ ಅಭಿವೃದ್ಧಿ ಕರಾರಿದ್ದರೆ, ನಿಮ್ಮ ಫ್ಲ್ಯಾಟು ಯಾರ ಪಾಲಿಗೆ ಬಂದಿದೆ ಎಂಬ ಹಂಚಿಕೆ ಪತ್ರವನ್ನೂ ಕೇಳಿ. ಸ್ವಾಧೀನಾನುಮತಿ ಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡಕ್ಕೆ ಹಾಲು ಉಕ್ಕಿಸಿ ಒಕ್ಕಲು ಹೋಗಬೇಡಿ.

ಸುದ್ದಿಯನ್ನು ನೋಡಿ ಹಣ ಹೂಡುವವರಿಗೆ

ಮೆಟ್ರೋ ಬರುತ್ತದೆ, ವರ್ತುಲ ರಸ್ತೆ ಬರುತ್ತದೆ, ಕೈಗಾರಿಕಾ ಪ್ರದೇಶ ಬರುತ್ತದೆ ಎಂಬ ಸುದ್ದಿಗೆ ಭೂಮಿಯ ಬೆಲೆ ಮರುದಿನವೇ ಏರುತ್ತದೆ, ಯೋಜನೆ ಮಾತ್ರ ತನ್ನ ಕಾಲಕ್ಕೆ ಬರುತ್ತದೆ. ನಮ್ಮ ಮೆಟ್ರೋದ ಎರಡನೇ ಹಂತಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2014ರ ಆರಂಭದಲ್ಲಿ. ಅದರ ಭಾಗವಾದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ರೈಲು ಓಡಿದ್ದು 2025ರ ಆಗಸ್ಟಿನಲ್ಲಿ. ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಗೆ 2005ರಲ್ಲಿ ಪ್ರಾಥಮಿಕ ಅಧಿಸೂಚನೆಯೂ 2007ರಲ್ಲಿ ಅಂತಿಮ ಅಧಿಸೂಚನೆಯೂ ಹೊರಟಿದ್ದವು; ಆ ಸರ್ವೆ ನಂಬರುಗಳ ರೈತರು ಮಾರಲೂ ಆಗದೆ, ಕಟ್ಟಲೂ ಆಗದೆ, ಪರಿಹಾರವೂ ಸಿಗದೆ ಕಳೆದ ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ. ಡಾ. ಶಿವರಾಮ ಕಾರಂತ ಬಡಾವಣೆಗೆ 17 ಹಳ್ಳಿಗಳ 3,546 ಎಕರೆಗೆ 2008ರ ಡಿಸೆಂಬರಿನಲ್ಲಿ ಅಧಿಸೂಚನೆಯಾಗಿತ್ತು. ನಡುವೆ ಅಲ್ಲಿ ಸೈಟು ಕೊಂಡು ಮನೆ ಕಟ್ಟಿದವರು, ಸುಪ್ರೀಂ ಕೋರ್ಟ್ 2018ರಲ್ಲಿ ಬಡಾವಣೆಯನ್ನು ಮುಂದುವರಿಸಲು ಹೇಳಿದ ಮೇಲೆ ತಮ್ಮ ಮನೆ ಉಳಿಸಿಕೊಳ್ಳಲು ನ್ಯಾಯಾಲಯ ನೇಮಿಸಿದ ಸಮಿತಿಯ ಮುಂದೆ ದಾಖಲೆ ಹಿಡಿದು ನಿಲ್ಲಬೇಕಾಯಿತು. ಇದಕ್ಕೆ ವಿರುದ್ಧವಾದದ್ದೂ ಉಂಟು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು.

ಆದ್ದರಿಂದ ಯೋಜನೆಯ ಸುದ್ದಿ ಓದಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ನಾನು ಕೊಳ್ಳುವ ಜಾಗ ಆ ಯೋಜನೆಯ ಪಕ್ಕದಲ್ಲಿದೆಯೋ ಒಳಗಿದೆಯೋ ಎಂಬುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ), ಹೆದ್ದಾರಿ ಪ್ರಾಧಿಕಾರ ಇವುಗಳಿಂದ ಆ ಸರ್ವೆ ನಂಬರು ಸ್ವಾಧೀನಕ್ಕೆ ಒಳಪಟ್ಟಿಲ್ಲವೆಂಬ ಹಿಂಬರಹ ತೆಗೆಸಿಕೊಳ್ಳಬೇಕು. ಬಾಡಿಗೆಗಾಗಿ ಹೂಡುವವರು ಲೆಕ್ಕವನ್ನು ಬರೆದು ನೋಡಲಿ. 60 ಲಕ್ಷದ ಮನೆಗೆ 48 ಲಕ್ಷ ಸಾಲವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 41,650 ರೂಪಾಯಿ. ಬಾಡಿಗೆ 15,000 ಬಂದರೆ ಉಳಿದದ್ದು ಪ್ರತಿ ತಿಂಗಳೂ ಕೈಯಿಂದ ಹೋಗುತ್ತದೆ. ಬೆಲೆ ಏರಿದಾಗ ಮಾರುತ್ತೇವೆ ಎಂದುಕೊಂಡವರು, 24 ತಿಂಗಳು ಮೀರಿ ಇಟ್ಟುಕೊಂಡ ಆಸ್ತಿಯ ಲಾಭಕ್ಕೆ 2024ರ ಜುಲೈ 23ರಿಂದ ಶೇ 12.5 ತೆರಿಗೆಯಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಣ, ಕರಾರು, ನೋಂದಣಿ

ಮುಂಗಡ ಕೊಡುವ ದಿನ ಕ್ರಯದ ಕರಾರನ್ನು ನೋಂದಣಿ ಮಾಡಿಸಿ. ನೋಂದಣಿಯಾದರೆ ಅದು ಇಸಿಯಲ್ಲಿ ಕಾಣುತ್ತದೆ, ಅದೇ ಸೈಟನ್ನು ಇನ್ನೊಬ್ಬರಿಗೆ ತೋರಿಸಿ ಮುಂಗಡ ಪಡೆಯುವುದು ಮಾರಾಟಗಾರರಿಗೆ ಕಷ್ಟವಾಗುತ್ತದೆ. ದಾಖಲೆಯಲ್ಲಿ ದೋಷ ಕಂಡುಬಂದರೆ ಮುಂಗಡ ಎಷ್ಟು ದಿನದೊಳಗೆ ಹಿಂದಿರುಗಬೇಕು ಎಂಬುದನ್ನು ಕರಾರಿನಲ್ಲಿ ಬರೆಸಿ. ಸ್ಥಿರಾಸ್ತಿಯ ವಹಿವಾಟಿನಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ, ಆದ್ದರಿಂದ ಎಲ್ಲವೂ ಬ್ಯಾಂಕಿನ ಮೂಲಕವೇ ಹೋಗಲಿ. ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಶೇ 1ರಷ್ಟನ್ನು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಆಗಿ ಹಿಡಿದು, ಮಾರಾಟಗಾರರ ಪ್ಯಾನ್ ಸಂಖ್ಯೆಯ ಮೇಲೆ ಕಟ್ಟುವುದು ಕೊಳ್ಳುವವರ ಹೊಣೆ. ಮಾರಾಟಗಾರರು ಅನಿವಾಸಿಗಳಾದರೆ ದರವೂ ವಿಧಾನವೂ ಬೇರೆಯಾಗುವುದರಿಂದ ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕಳಿಸಬೇಡಿ.

ನೋಂದಣಿಯ ಖರ್ಚು ಹಲವರ ಲೆಕ್ಕ ತಪ್ಪಿಸುತ್ತದೆ. ನಗರ ಪ್ರದೇಶದಲ್ಲಿ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6 ಆಗುತ್ತದೆ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ್ದರಿಂದ ಒಟ್ಟು ಶೇ 7.6. ಕ್ರಯದ ಬೆಲೆ ಮತ್ತು ಆ ಪ್ರದೇಶಕ್ಕೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದನ್ನು ಕಟ್ಟಬೇಕು. 60 ಲಕ್ಷದ ಆಸ್ತಿಗೆ ಇದೇ 4,56,000 ರೂಪಾಯಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80ನ್ನು ಮೀರುವಂತಿಲ್ಲ, ಆ ಬೆಲೆಯಲ್ಲಿ ಈ ಶುಲ್ಕಗಳನ್ನು ಸೇರಿಸಿಕೊಳ್ಳುವಂತಿಲ್ಲ. ಹಾಗಾಗಿ ಮೇಲಿನ ಮನೆಗೆ ಕೈಯಲ್ಲಿರಬೇಕಾದ ಹಣ ಹದಿನಾರೂವರೆ ಲಕ್ಷಕ್ಕಿಂತ ಹೆಚ್ಚೇ. ಬೆಲೆಯನ್ನು ಕಡಿಮೆ ತೋರಿಸಿ ಶುಲ್ಕ ಉಳಿಸುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ. ಮುಂದೆ ವ್ಯಾಜ್ಯವಾಗಿ ಹಣ ವಾಪಸು ಕೇಳಬೇಕಾದಾಗ ಪತ್ರದಲ್ಲಿರುವ ಮೊತ್ತವೇ ನಿಮ್ಮ ಮೊತ್ತವಾಗುತ್ತದೆ.

ನೋಂದಣಿಯ ಹಿಂದಿನ ದಿನ ಇನ್ನೊಮ್ಮೆ ಇಸಿ ತೆಗೆಸಿ ನೋಡಿ. ಅಂದು ಪತ್ರದ ಕರಡಿನಲ್ಲಿ ಹೆಸರಿನ ಕಾಗುಣಿತ, ಸರ್ವೆ ನಂಬರು, ಚಕ್ಕುಬಂದಿ, ಅಳತೆ ಇವನ್ನು ಇಬ್ಬರು ಕುಳಿತು ಒಬ್ಬರು ಓದಿ ಇನ್ನೊಬ್ಬರು ಮೂಲದೊಡನೆ ತಾಳೆ ನೋಡುವುದು ನನಗೆ ತಿಳಿದ ಅತ್ಯುತ್ತಮ ವಿಧಾನ. ತಪ್ಪು ಉಳಿದರೆ ತಿದ್ದುಪಡಿ ಪತ್ರಕ್ಕೆ ಅದೇ ಮಾರಾಟಗಾರರನ್ನು ಮತ್ತೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆತರಬೇಕು, ಅವರು ಅಷ್ಟರಲ್ಲಿ ಎಲ್ಲಿರುತ್ತಾರೋ ಹೇಳಲಾಗದು. ಕ್ರಯಪತ್ರ ಕೈಗೆ ಬಂದ ಮೇಲೆ ಖಾತಾ ಬದಲಾವಣೆಗೆ ಅರ್ಜಿ ಹಾಕಿ, ಆ ವರ್ಷದ ಕಂದಾಯವನ್ನು ನಿಮ್ಮ ಹೆಸರಿನಲ್ಲಿ ಕಟ್ಟಿ, ಖಾಲಿ ಸೈಟಾದರೆ ಸರ್ವೇಯರ ಅಳತೆಯಂತೆ ಬೇಲಿಯನ್ನಾದರೂ ಹಾಕಿಸಿ. ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಇಸಿಗೆ ಅರ್ಜಿ ಹಾಕಿ, ಅದರಲ್ಲಿ ನಿಮ್ಮ ಕ್ರಯಪತ್ರದ ನೋಂದಣಿ ಸಂಖ್ಯೆಯೂ ಹೆಸರೂ ಅಳತೆಯೂ ಸರಿಯಾಗಿ ಬಂದಿರುವುದನ್ನು ನೋಡಿ, ಆ ಪ್ರತಿಯನ್ನು ನೀವು ಬರೆದ ಬಿಳಿ ಹಾಳೆಯ ಜೊತೆ ಅದೇ ಕಡತದಲ್ಲಿಡಿ.